ಕಾರಿನ ತಳತಗಡು ಬದಲಾವಣೆ

ತಳತಗಡು ಅಥವಾ ಫ್ಲೋರ್ ಪ್ಯಾನ್ ಎಂಬುದು ಕಾರಿನ ಒಳನೆಲವಾಗಿರುವ, ಅಚ್ಚಿನಲ್ಲಿ ಒತ್ತಿ ರೂಪಿಸಿದ ಉಕ್ಕಿನ ತಗಡು. ಹಳೆಯ ಕಾರುಗಳ ಪುನರುಜ್ಜೀವನದಲ್ಲಿ ತುಕ್ಕು ತಿಂದ ತಳತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆಯುವುದು ಹೆಚ್ಚು ಶ್ರಮ ಬೇಡುವ ಹಂತಗಳಲ್ಲೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ತೇವದಲ್ಲಿರುವ ಬೆಳಗಾವಿ ನಗರದಲ್ಲಿಯೂ, ಅಲ್ಲಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ ಪಶ್ಚಿಮ ಘಟ್ಟದ ಅಂಚಿಗಿರುವ ಖಾನಾಪುರದಲ್ಲಿಯೂ ಹಳೆಯ ವಾಹನಗಳಿಗೆ ಈ ದುರಸ್ತಿ ಬೇಕಾಗುವ ಸಂದರ್ಭಗಳು ಹೆಚ್ಚು.

ರಚನೆಯಲ್ಲಿ ಸ್ಥಾನ

ಹಿಂದೂಸ್ತಾನ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಾಗೂ 1983ರಲ್ಲಿ ಬಂದ ಮಾರುತಿ 800 ಕಾರುಗಳಿಗೆ ಪ್ರತ್ಯೇಕ ಶಾಸಿ ಇಲ್ಲ. ಒಡಲೇ ಭಾರ ಹೊರುತ್ತದೆ. ಇಂತಹ ರಚನೆಯನ್ನು ಮಾನೊಕಾಕ್ ಎನ್ನುತ್ತಾರೆ. ಇವುಗಳಲ್ಲಿ ತಳತಗಡು ಕೇವಲ ಕಾಲಿಡುವ ಜಾಗವಲ್ಲ. ಎರಡೂ ಬದಿಯ ಬಾಗಿಲಡಿಯ ಪೆಟ್ಟಿಗೆತೊಲೆಗಳನ್ನು ಅದು ಜೋಡಿಸುತ್ತದೆ, ಆಸನಗಳನ್ನು ಹಿಡಿದಿಡುತ್ತದೆ, ಅಪಘಾತದಲ್ಲಿ ಬಲವನ್ನು ಹಂಚುತ್ತದೆ. ಮಹೀಂದ್ರ ಜೀಪು ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳಲ್ಲಿ ಕೆಳಗೆ ಬೇರೆಯೇ ಚೌಕಟ್ಟು ಇರುವುದರಿಂದ ತಗಡು ಸವೆದರೂ ವಾಹನ ಕೂಡಲೇ ಬಾಗುವುದಿಲ್ಲ.

ತುಕ್ಕಿನ ಮೂಲ

ತುಕ್ಕು ಕೆಳಗಿನಿಂದ ಬರುತ್ತದೆಂಬ ನಂಬಿಕೆ ಅರ್ಧ ಮಾತ್ರ ನಿಜ. ಮುಂಗಾಜಿನ ರಬ್ಬರು ಗಡುಸಾಗಿ ಬಿರಿದಾಗ ಅಥವಾ ಬಾಗಿಲಿನ ಸೀಲು ಹರಿದಾಗ ನೀರು ಒಳಗಿಳಿದು ಕಾರ್ಪೆಟ್ಟಿನ ಅಡಿಯ ನಾರುಹಾಸಿನಲ್ಲಿ ಉಳಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಹಾಸು ದಿನಗಟ್ಟಲೆ ಒದ್ದೆಯಾಗಿರುತ್ತದೆ. ಹೊರಗಿನಿಂದ ಚಕ್ರ ಎರಚಿದ ಕೆಸರು ತೊಲೆಗಳ ಮೂಲೆಗಳಲ್ಲಿ ಅಂಟಿ ತೇವವನ್ನು ಹಿಡಿದಿಡುತ್ತದೆ. ಬೆಳಗಾವಿಯಿಂದ ಚೋರ್ಲಾ ಘಟ್ಟದ ಮಾರ್ಗವಾಗಿ ಗೋವಾಕ್ಕೆ ಓಡಾಡುವ ಕಾರುಗಳಿಗೆ ಕರಾವಳಿಯ ಉಪ್ಪಿನ ಗಾಳಿಯೂ ತಗಲುತ್ತದೆ. ಉಪ್ಪು ತೇವದ ವಿದ್ಯುದ್ವಾಹಕತೆಯನ್ನು ಹೆಚ್ಚಿಸಿ ಸವೆತವನ್ನು ತೀವ್ರಗೊಳಿಸುತ್ತದೆ.

ಪರೀಕ್ಷೆ

ಆಸನ, ಕಾರ್ಪೆಟ್ಟು ಮತ್ತು ಡಾಂಬರಿನ ಶಬ್ದನಿರೋಧಕ ಪದರವನ್ನು ಪೂರ್ಣ ತೆಗೆದ ಬಳಿಕವೇ ಹಾನಿಯ ಅಳತೆ ಸಿಗುತ್ತದೆ. ಚೂಪಾದ ಉಳಿಯಿಂದ ಚುಚ್ಚಿದಾಗ ತಗಡು ಕುಸಿದರೆ ಆ ಭಾಗ ಉಳಿಯದು. ಹೊರಗೆ ಅಂಗೈಯಗಲದ ತೂತು ಕಂಡಲ್ಲಿ ಸುತ್ತಲಿನ ಇನ್ನಷ್ಟು ಜಾಗ ತೆಳುವಾಗಿರುವುದು ಸಾಮಾನ್ಯ. ತುಕ್ಕಿನ ಮೇಲೆಯೇ ಹೊಸ ತಗಡಿನ ತುಂಡನ್ನು ರಿವೆಟ್ಟು ಹೊಡೆದು ಡಾಂಬರು ಬಳಿಯುವ ಅಗ್ಗದ ದುರಸ್ತಿ ಎಲ್ಲೆಡೆ ರೂಢಿಯಲ್ಲಿದೆ. ಇದು ಎರಡು ತಗಡುಗಳ ನಡುವೆ ನೀರನ್ನು ಬಂಧಿಸಿ ಮೊದಲಿಗಿಂತ ಬೇಗ ತಿನ್ನಿಸುತ್ತದೆ. ಆಸನದ ಬೋಲ್ಟು ಅಂತಹ ತುಂಡಿಗೆ ಕಟ್ಟಿದ್ದರೆ ಢಿಕ್ಕಿಯ ಹೊತ್ತಿಗೆ ಆಸನವೇ ಕಿತ್ತು ಬರಬಹುದು.

ವಿಧಾನ

ಕತ್ತರಿಸುವ ಮೊದಲು ಬ್ಯಾಟರಿಯ ಸಂಪರ್ಕ ತೆಗೆದು, ಇಂಧನ ಟ್ಯಾಂಕು ಮತ್ತು ಬೆಸುಗೆಯ ಸಮೀಪದ ಇಂಧನ ಹಾಗೂ ಬ್ರೇಕ್ ನಳಿಕೆಗಳನ್ನು ಬಿಚ್ಚಬೇಕು. ಬಾಗಿಲಿನ ತೆರವಿಗೆ ಅಡ್ಡಲಾಗಿ ಉಕ್ಕಿನ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು, ಮೂಲೆಯಿಂದ ಮೂಲೆಗೆ ಅಳತೆ ಬರೆದಿಡಲಾಗುತ್ತದೆ. ಮಾನೊಕಾಕ್ ಕಾರಿನಲ್ಲಿ ಈ ಆಧಾರವಿಲ್ಲದೆ ನೆಲ ತೆಗೆದರೆ ಒಡಲು ನಡುವೆ ಬಾಗಿ, ಮುಂದೆ ಬಾಗಿಲುಗಳು ಸರಿಯಾಗಿ ಕೂರುವುದೇ ಇಲ್ಲ. ಎಡ ಮತ್ತು ಬಲ ಭಾಗಗಳನ್ನು ಒಂದಾದ ಮೇಲೊಂದರಂತೆ ಬದಲಿಸುವುದು ಸುರಕ್ಷಿತ. ಕಾರ್ಖಾನೆಯ ಸ್ಪಾಟ್ ಬೆಸುಗೆಗಳನ್ನು ಕೊರೆದು ತೆಗೆದರೆ ಕೆಳಗಿನ ತೊಲೆ ಹಾಳಾಗದು.

ಸಿದ್ಧ ಭಾಗ ದೊರೆಯದಿದ್ದಾಗ ರಟ್ಟಿನಲ್ಲಿ ಅಚ್ಚು ತೆಗೆದು, 18ರಿಂದ 20 ಗೇಜಿನ, ಅಂದರೆ ಸುಮಾರು 1.2ರಿಂದ 0.9 ಮಿ.ಮೀ. ದಪ್ಪದ ಸಿ.ಆರ್. ತಗಡಿನಿಂದ ಹೊಸದನ್ನು ಮಾಡಲಾಗುತ್ತದೆ. ಉತ್ತರ ಕರ್ನಾಟಕದಲ್ಲಿ ತಗಡಿಗೆ ಪತ್ರಾ ಎಂದೂ ಹೇಳುವುದುಂಟು. ಮೂಲ ನೆಲದಲ್ಲಿರುವ ಉಬ್ಬುಗೆರೆಗಳು ಅಲಂಕಾರಕ್ಕಲ್ಲ. ಅವಿಲ್ಲದ ಸಪಾಟು ತಗಡು ಕಾಲಿಟ್ಟಾಗ ಬಡಿದುಕೊಳ್ಳುತ್ತದೆ, ಓಡುವಾಗ ಡೋಲಿನಂತೆ ಸದ್ದು ಮಾಡುತ್ತದೆ. ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆ ಕೈಗಾರಿಕಾ ಪ್ರದೇಶಗಳು ಎರಕ ಹಾಗೂ ಯಂತ್ರಕಾರ್ಯಕ್ಕೆ ಹೆಸರಾಗಿರುವುದರಿಂದ ತಗಡನ್ನು ಮಡಿಸುವ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ.

ಅಂಚುಗಳಿಗೆ ಸತುವಿನ ಪ್ರೈಮರ್ ಬಳಿದು, 6ರಿಂದ 8 ಮಿ.ಮೀ. ರಂಧ್ರಗಳ ಮೂಲಕ ಮಿಗ್ ಬೆಸುಗೆ ಹಾಕುತ್ತಾರೆ. ಕಾರ್ಯಾಗಾರಗಳಲ್ಲಿ ಇದನ್ನು ಸಿಓಟು ವೆಲ್ಡಿಂಗ್ ಎನ್ನುವುದು ವಾಡಿಕೆ. ಅಂಚು ಸೇರುವ ಕಡೆ ಒಂದೇ ಸಮನೆ ಗೆರೆ ಎಳೆಯದೆ, ಚಿಕ್ಕ ಚಿಕ್ಕ ತುಂಡುಗಳಾಗಿ ದೂರದೂರದಲ್ಲಿ ಬೆಸೆಯಬೇಕು. ಇಲ್ಲವಾದರೆ ಶಾಖದಿಂದ ತಗಡು ಸೊಟ್ಟಗಾಗುತ್ತದೆ. ಸತುಲೇಪಿತ ತಗಡನ್ನು ಬೆಸೆಯುವುದಾದರೆ ಅಂಚಿನ ಲೇಪವನ್ನು ಮೊದಲು ಉಜ್ಜಿ ತೆಗೆಯಬೇಕು, ಏಕೆಂದರೆ ಸತುವಿನ ಹೊಗೆಯಿಂದ ಚಳಿಜ್ವರ ಬರುತ್ತದೆ. ಕೊನೆಗೆ ಕೀಲುಗಳಿಗೆ ಸೀಲರ್, ಕೆಳಗೆ ತಳಲೇಪನ, ಪೆಟ್ಟಿಗೆತೊಲೆಗಳ ಒಳಗೆ ಮೇಣ ಸಿಂಪಡಿಸಲಾಗುತ್ತದೆ. ನೀರು ಹೊರಹೋಗುವ ರಂಧ್ರಗಳನ್ನು ಮುಚ್ಚಬಾರದು.

ಋತುವೂ ಮುಖ್ಯ. ಉಜ್ಜಿ ಹೊಳಪಿಸಿದ ಉಕ್ಕು ಮಳೆಗಾಲದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪಾಗುತ್ತದೆ; ಅದರ ಮೇಲೆ ಬಳಿದ ಬಣ್ಣ ನಿಲ್ಲದು. ಆದ್ದರಿಂದ ದೀಪಾವಳಿಯ ನಂತರದ ಒಣ ತಿಂಗಳುಗಳೇ ಈ ಕೆಲಸಕ್ಕೆ ಸೂಕ್ತ, ಖಾನಾಪುರದ ಘಟ್ಟದ ಬದಿಯ ಹಳ್ಳಿಗಳಲ್ಲಂತೂ ಇನ್ನೂ ಹೆಚ್ಚು.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ನಂತರ ಅದನ್ನು 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಶಾಸಿ ಸಂಖ್ಯೆ ಕೊರೆದಿರುವ ಭಾಗವನ್ನು ಎಂದಿಗೂ ಕತ್ತರಿಸಬಾರದು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮಗಳು ಮೂಲರೂಪ ಉಳಿದಿರುವುದನ್ನೂ, ಶಾಸಿ, ಒಡಲು ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿಲ್ಲದಿರುವುದನ್ನೂ ಬಯಸುತ್ತವೆ. ಹೀಗಾಗಿ ಅಂತಹ ಕಾರುಗಳಲ್ಲಿ ಹೊಸ ನೆಲವನ್ನು ಹಳೆಯದರ ಆಕಾರಕ್ಕೇ ಮಾಡುವುದು, ಪ್ರತಿ ಹಂತದ ಛಾಯಾಚಿತ್ರ ಮತ್ತು ಕತ್ತರಿಸಿದ ತುಂಡುಗಳನ್ನು ಕಾದಿರಿಸುವುದು ಪುನರುಜ್ಜೀವಕರ ರೂಢಿ.