ಊರಿನ ಹೆಸರು ಮತ್ತು ಸ್ವಂತ ಗುರುತು: ಎರಡಕ್ಕೂ ಬೇಕು ಕಾವಲು

ಚನ್ನಪಟ್ಟಣದ ಬೊಂಬೆಗಳಿಗೆ 2005-06ರಲ್ಲಿಯೇ ಭೌಗೋಳಿಕ ಸೂಚಿಕೆಯ ನೋಂದಣಿ ದೊರೆತಿದೆ. ಬೇರೆಲ್ಲಿಯೋ ತಯಾರಾದ ಆಟಿಕೆಯನ್ನು ಈ ಹೆಸರಿನಲ್ಲಿ ಮಾರುವುದು ಅಂದಿನಿಂದ ಕಾನೂನುಬಾಹಿರ. ಆದರೆ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಡುವ ಉತ್ಪಾದಕನು ತಾನೇ ದಾವೆ ಹೂಡಬಹುದೇ? 1999ರ ಭೌಗೋಳಿಕ ಸೂಚಿಕೆ ಅಧಿನಿಯಮದ 21ನೆಯ ಪ್ರಕರಣದಂತೆ ಆ ಹಕ್ಕು ನೋಂದಾಯಿತ ಮಾಲೀಕನಿಗೂ ‘ಅಧಿಕೃತ ಬಳಕೆದಾರ’ರಿಗೂ ಮಾತ್ರ ಉಂಟು. ತಲೆಮಾರುಗಳಿಂದ ಇದೇ ಕಸುಬು ಮಾಡಿದವನಾದರೂ ಚೆನ್ನೈನ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸದಿದ್ದರೆ ಈ ಹಕ್ಕು ಅವನಿಗೆ ಒದಗದು. 2020ರ ತಿದ್ದುಪಡಿಯು ಅರ್ಜಿ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದರಿಂದ ಖರ್ಚಿನ ನೆಪಕ್ಕೂ ಈಗ ಎಡೆಯಿಲ್ಲ.

ಊರಿನ ಹೆಸರು ಎಲ್ಲ ಉತ್ಪಾದಕರಿಗೂ ಸೇರಿದ್ದು. ಅದನ್ನು ಒಬ್ಬರ ಟ್ರೇಡ್ ಮಾರ್ಕ್ ಆಗಿಸಲಾಗದು. ಆದುದರಿಂದ ರಾಮನಗರದ ರೇಷ್ಮೆ ವರ್ತಕನಿರಲಿ, ಕನಕಪುರ, ಮಾಗಡಿಗಳ ಕಿರು ಉದ್ಯಮಿಯಿರಲಿ, ಸ್ವಂತ ಗುರುತನ್ನು ಪ್ರತ್ಯೇಕವಾಗಿ ನೋಂದಾಯಿಸುವುದು ಅಗತ್ಯ.

ನೋಂದಣಿಯ ನಂತರ ಕಾಯುವ ಕೆಲಸ ಮಾಲೀಕನದೇ. ಟ್ರೇಡ್ ಮಾರ್ಕ್ಸ್ ಜರ್ನಲ್ ವಾರಕ್ಕೊಮ್ಮೆ ಅಂತರ್ಜಾಲದಲ್ಲಿ ಪ್ರಕಟವಾಗುತ್ತದೆ. ತಮ್ಮ ಸರಕಿನ ವರ್ಗವನ್ನು (ಆಟಿಕೆಗಳಿಗೆ 28) ಪರಿಶೀಲಿಸಿ, ಕಾಗುಣಿತ ಬೇರೆಯಾದರೂ ಉಚ್ಚಾರ ಹೋಲುವ ಹೆಸರುಗಳನ್ನು ಗುರುತಿಸಬೇಕು. ಆಕ್ಷೇಪಣೆಗೆ ಪ್ರಕಟಣೆಯಿಂದ ನಾಲ್ಕು ತಿಂಗಳು ಮಾತ್ರ ಅವಕಾಶ. ನಂತರ ನೋಂದಣಿಯಾದ ಗುರುತಿನ ಬಳಕೆಯನ್ನು ತಿಳಿದೂ ಸತತ ಐದು ವರ್ಷ ಸಹಿಸಿಕೊಂಡವನು, ಅದರ ನೋಂದಣಿ ದುರುದ್ದೇಶದ್ದಲ್ಲದಿದ್ದರೆ, ಅದನ್ನು ಪ್ರಶ್ನಿಸುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ.

ನಕಲು ಕಂಡಾಗ ಮೊದಲು ಒಂದು ಮಾದರಿಯನ್ನು ಖರೀದಿಸಿ, ಬಿಲ್ಲು ಹಾಗೂ ಹೊದಿಕೆಯನ್ನು ಜೋಪಾನ ಮಾಡಬೇಕು. ಸ್ವಂತ ದಾಖಲೆಗಳ ಬೆಲೆ ಇದಕ್ಕಿಂತ ಹೆಚ್ಚು. ತೆರಿಗೆ ನಿರ್ಧಾರಣೆ ಮುಗಿದೊಡನೆ ಹಳೆಯ ಬಿಲ್ಲು ಪುಸ್ತಕಗಳನ್ನು ರದ್ದಿಗೆ ಹಾಕುವ ರೂಢಿ ನಮ್ಮ ವರ್ತಕರಲ್ಲಿ ಬಲವಾಗಿದೆ. ಆದರೆ ಗುರುತನ್ನು ಮೊದಲು ಬಳಸಿದವರಾರು ಎಂಬ ಪ್ರಶ್ನೆ ಎದ್ದಾಗ ಇಪ್ಪತ್ತು ವರ್ಷದ ಹಿಂದಿನ ಬಿಲ್ಲೇ ಸಾಕ್ಷಿ. ಹೆಸರು ಮುದ್ರಿತವಾಗಿರುವ ಮೊದಲ ಬಿಲ್ಲು, ಲೇಬಲ್ ಮುದ್ರಣದ ರಸೀದಿ, ಜಾಹೀರಾತಿನ ವೆಚ್ಚದ ಲೆಕ್ಕ, ಇವುಗಳನ್ನು ವರ್ಷವಾರು ಪ್ರತ್ಯೇಕ ಕಡತದಲ್ಲಿಡುವುದು ಲೇಸು.

ನೋಂದಾಯಿತ ಮಾಲೀಕನು, ನಕಲು ದೂರದ ಊರಿನಲ್ಲಿ ನಡೆದಿದ್ದರೂ, ತನ್ನ ಪ್ರಧಾನ ವ್ಯವಹಾರ ಸ್ಥಳದ ಜಿಲ್ಲಾ ಮಟ್ಟದ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ನೋಂದಣಿಯಿಲ್ಲದವನಿಗೂ ‘ಪಾಸಿಂಗ್ ಆಫ್’ ದಾವೆಯ ದಾರಿಯಿದೆ. ಆದರೆ ಈ ಸೌಕರ್ಯವಿಲ್ಲ, ಮೇಲಾಗಿ ತನ್ನ ಖ್ಯಾತಿಯನ್ನೂ ರುಜುವಾತುಪಡಿಸಬೇಕು. ವಕೀಲರ ಸಲಹೆಯಿಲ್ಲದೆ ಕೋಪದಲ್ಲಿ ಬೆದರಿಕೆಯ ನೋಟೀಸು ಕಳುಹಿಸುವುದು ಬೇಡ; ಆಧಾರರಹಿತ ಬೆದರಿಕೆಗೆ ಗುರಿಯಾದವನು 142ನೆಯ ಪ್ರಕರಣದಂತೆ ಪರಿಹಾರ ಕೋರಿ ತಿರುಗಿ ದಾವೆ ಹೂಡಬಲ್ಲನು.