ಹೆಸರಿನ ಹಿಂದಿರುವ ದಫ್ತರ

ಜೇವರ್ಗಿ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯಲು ಯಾರಿಗೂ ತೊಡಕಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಹೊರಟಾಗ ಮಾತ್ರ ಕೆಲವರು ನಡುವೆ ‘ವಿ’ ಇಡುತ್ತಾರೆ, ಕೆಲವರು ‘ಡಬ್ಲ್ಯೂ’ ಇಡುತ್ತಾರೆ. ಟಪಾಲಿನವನಿಗೆ ಇದರಿಂದ ಬಾಧಕವಿಲ್ಲ. ಎರಡೂ ಒಂದೇ ಎಂದು ಬಗೆದು, 585310 ಎಂಬ ಪಿನ್ ಸಂಖ್ಯೆಯತ್ತ ಕಣ್ಣು ಹಾಯಿಸಿ, ಕಾಗದವನ್ನು ಭೀಮೆಯಾಚೆಯ ಆ ಊರಿಗೆ ಮುಟ್ಟಿಸುತ್ತಾನೆ. ಅಂತರಜಾಲಕ್ಕೆ ಆ ಔದಾರ್ಯವಿಲ್ಲ. ಅಲ್ಲಿ ಒಂದಕ್ಷರ ಬೇರೆಯಾದರೆ ಊರೇ ಬೇರೆ. ಒಂದು ಬಗೆಯ ಹೆಸರನ್ನು ಒಬ್ಬನು ಪಡೆದರೆ ಇನ್ನೊಂದು ಬಗೆಯದನ್ನು ಮತ್ತೊಬ್ಬನು ಪಡೆಯಬಹುದು. ‘ಭಾರತ’ ಎಂದು ಕನ್ನಡದ ಅಕ್ಷರಗಳಲ್ಲಿಯೇ ಮುಗಿಯುವ ಡೊಮೇನ್ ಹೆಸರುಗಳಿಗೂ ಈಗ ಎಡೆಯುಂಟು. ಆದರೆ ಪೇಟೆಯ ವ್ಯವಹಾರ ಬಹುಮಟ್ಟಿಗೆ ಇನ್ನೂ ರೋಮನ್ ಲಿಪಿಯಲ್ಲಿಯೇ ಸಾಗಿದೆ.

ಹೆಸರು ಬೇಕಾದದ್ದು ಮನುಷ್ಯರಿಗೆ. ಯಂತ್ರಗಳು ಪರಸ್ಪರ ಗುರುತಿಸುವುದು ಸಂಖ್ಯೆಗಳಿಂದ. ಮೊದಮೊದಲು ಜಾಲದಲ್ಲಿದ್ದ ಗಣಕಯಂತ್ರಗಳ ಹೆಸರು ಮತ್ತು ಸಂಖ್ಯೆಗಳೆಲ್ಲ ಒಂದೇ ಪಟ್ಟಿಯಲ್ಲಿದ್ದವು. ಅಮೆರಿಕದ ಮೆನ್ಲೋ ಪಾರ್ಕಿನಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ಮೇಲ್ವಿಚಾರಣೆಯಲ್ಲಿದ್ದ ಕಚೇರಿ ಆ ಪಟ್ಟಿಯನ್ನು ಕಾಯುತ್ತಿತ್ತು. ಯಂತ್ರಗಳು ಹೆಚ್ಚಿದಂತೆ ಒಂದು ಕಚೇರಿಯಿಂದ ಅದು ಸಾಗದಾಯಿತು. 1983ರಲ್ಲಿ ಪಾಲ್ ಮೋಕಾಪೆಟ್ರಿಸ್ ಎಂಬವರು ಪಟ್ಟಿಯನ್ನು ಒಡೆದು ಹಂಚುವ ಕ್ರಮವನ್ನು ರೂಪಿಸಿದರು. ಪ್ರತಿಯೊಬ್ಬನೂ ತನ್ನ ಪಾಲಿನ ದಫ್ತರವನ್ನು ತಾನೇ ಇಟ್ಟುಕೊಳ್ಳಲಿ. ಮೇಲಿನವನು, ಕೆಳಗಿನವನ ದಫ್ತರ ಎಲ್ಲಿದೆಯೆಂಬುದನ್ನಷ್ಟೇ ಬಲ್ಲವನಾಗಿರಲಿ.

ಪಿನ್ ಸಂಖ್ಯೆಯನ್ನು ಎಡದಿಂದ ಓದುವಂತೆ ಈ ಹೆಸರನ್ನು ಬಲದಿಂದ ಓದಬೇಕು. ಆಳಂದದ ಪುರಸಭೆಯ ಜಾಲತಾಣಕ್ಕೆ ಕೊಟ್ಟ ಹೆಸರು ‘ಆಳಂದ್‌ಟೌನ್ ಡಾಟ್ ಎಂಆರ್‌ಸಿ ಡಾಟ್ ಗವ್ ಡಾಟ್ ಇನ್’. ಕೊನೆಯ ‘ಇನ್’ ಎಂದರೆ ಭಾರತ. ‘ಗವ್’ ಎಂದರೆ ಸರ್ಕಾರ. ‘ಎಂಆರ್‌ಸಿ’ ಎಂದರೆ ರಾಜ್ಯದ ಪೌರ ಸುಧಾರಣಾ ಕೋಶ. ಅದರ ಕೆಳಗೆ ಆಳಂದ. ಅದೇ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಹೆಸರು ‘ಎಸಿ ಡಾಟ್ ಇನ್’ ಎಂದು ಮುಗಿಯುತ್ತದೆ. ಅದು ವಿದ್ಯಾಸಂಸ್ಥೆಗಳಿಗೆ ಮೀಸಲಾದ ವಿಭಾಗ. ಇಂಥವರಿಗೆ ದಫ್ತರ ನೋಡಿಕೊಳ್ಳಲು ಇಲಾಖೆಗಳುಂಟು, ತಜ್ಞರುಂಟು. ಖಾಸಗಿ ವರ್ತಕನ ಪಾಡು ಬೇರೆ. ಅವನ ದಫ್ತರಕ್ಕೆ ಅವನೇ ಪಟವಾರಿ.

ಅಫಜಲಪುರದಲ್ಲಿ ದಾಲ್ ಮಿಲ್ ಇಟ್ಟುಕೊಂಡಿರುವ ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತ ಮೇಲೆ, ದೂರದ ಊರುಗಳಿಂದಲೂ ಬೇಡಿಕೆ ಬರಲೆಂದು ತಮ್ಮ ಅಂಗಡಿಗೊಂದು ಡೊಮೇನ್ ಹೆಸರನ್ನು ಪಡೆದರು. ಅವರ ದಫ್ತರದಲ್ಲಿ ಮುಖ್ಯವಾದ ಸಾಲುಗಳು ಎರಡು. ‘ಎ’ ಎಂಬ ಸಾಲು, ಜಾಲತಾಣ ಯಾವ ಯಂತ್ರದಲ್ಲಿದೆಯೆಂದು ಹೇಳುತ್ತದೆ. ‘ಎಂಎಕ್ಸ್’ ಎಂಬ ಸಾಲು, ಇ-ಮೇಲನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕೆಂದು ಹೇಳುತ್ತದೆ. ಅಂಗಡಿ ಒಂದು ಓಣಿಯಲ್ಲಿ, ಟಪಾಲಿನ ಪೆಟ್ಟಿಗೆ ಇನ್ನೊಂದು ಓಣಿಯಲ್ಲಿ ಇರಬಹುದು. ಹಲಗೆಯ ಮೇಲಿನ ಹೆಸರು ಮಾತ್ರ ಒಂದೇ. ಜನರು ಇದನ್ನೇ ಮರೆಯುವುದು.

ಬೆಂಗಳೂರಿನಲ್ಲಿರುವ ಮಗ ಹೊಸ ಜಾಲತಾಣವನ್ನು ಮಾಡಿಸುತ್ತಾನೆ. ಮಾಡಿಕೊಟ್ಟ ಕುಶಲಿಯು ‘ಎ’ ಸಾಲೊಂದನ್ನು ತಿದ್ದುವ ಬದಲು ನೇಮ್‌ಸರ್ವರನ್ನೇ, ಅಂದರೆ ಇಡೀ ದಫ್ತರವನ್ನೇ, ತನ್ನ ಕಡೆಗೆ ವರ್ಗಾಯಿಸಿಕೊಳ್ಳುತ್ತಾನೆ. ಹೊಸ ದಫ್ತರದಲ್ಲಿ ‘ಎ’ ಸಾಲಿದೆ. ‘ಎಂಎಕ್ಸ್’ ಸಾಲನ್ನು ಯಾರೂ ನಕಲು ಮಾಡಲಿಲ್ಲ. “ಸೈಟ್ ಛಲೋ ಕಾಣ್ತದಲ್ರೀ ಅಪ್ಪಾ” ಎಂದು ಮಗ ಫೋನಿನಲ್ಲಿ ಹಿಗ್ಗುತ್ತಾನೆ. ಕಾಣುವುದೇನೋ ನಿಜ. ಆದರೆ ಬೇಡಿಕೆಯ ಪತ್ರಗಳು ಬರುವುದು ನಿಂತಿರುತ್ತದೆ. ಅಂಗಡಿಯ ಬಾಗಿಲು ಮುಚ್ಚಿದ್ದರೆ ದಾರಿಹೋಕನಾದರೂ ಹೇಳಿಯಾನು. ಬಾರದ ಕಾಗದವು ತಾನು ಬರಲಿಲ್ಲವೆಂದು ಹೇಳುವುದಿಲ್ಲ. ಕಳುಹಿಸಿದವನ ಯಂತ್ರವು ನಾಲ್ಕೈದು ದಿನ ಮರಳಿ ಯತ್ನಿಸಿ, ಸೋತು, ಪತ್ರವನ್ನು ಅವನಿಗೇ ಹಿಂದಿರುಗಿಸಬಹುದು. ಅಷ್ಟರಲ್ಲಿ ಅವನು ಬೇರೆ ಮಿಲ್ಲಿನಿಂದ ಬೇಳೆ ತರಿಸಿಕೊಂಡಿರುತ್ತಾನೆ.

ಇದಕ್ಕೆ ಉಪಾಯ ಸರಳವಾದದ್ದು. ಯಾವ ಬದಲಾವಣೆಗೂ ಮೊದಲು ದಫ್ತರದ ಎಲ್ಲ ಸಾಲುಗಳನ್ನೂ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಪ್ರತಿ ಸಾಲಿಗೂ ‘ಟಿಟಿಎಲ್’ ಎಂಬ ಅವಧಿಯುಂಟು. ಒಮ್ಮೆ ಕೇಳಿದ ವಿಳಾಸವನ್ನು ಜಗತ್ತಿನ ಯಂತ್ರಗಳು ಎಷ್ಟು ಹೊತ್ತು ನೆನಪಿನಲ್ಲಿಡಬಹುದು ಎಂಬುದರ ಲೆಕ್ಕ ಅದು. 86400 ಸೆಕೆಂಡು ಎಂದಿದ್ದರೆ ಒಂದಿಡೀ ದಿನ ಹಳೆಯ ವಿಳಾಸವೇ ಕೆಲವರಿಗೆ ಕಾಣುತ್ತಿರಬಹುದು. ಸ್ಥಳಾಂತರಕ್ಕೆ ಒಂದೆರಡು ದಿನ ಮುಂಚೆ ಅದನ್ನು 300ಕ್ಕೆ ಇಳಿಸಿದರೆ, ತಪ್ಪಾದರೂ ಐದು ನಿಮಿಷಗಳಲ್ಲಿ ತಿದ್ದುಪಡಿ ಕಂಡೀತು.

ಬಂದ ಪತ್ರದ ಮಾತಾಯಿತು. ಹೋಗುವ ಪತ್ರಕ್ಕೂ ಈಗ ದಫ್ತರದ ಸಾಕ್ಷಿ ಬೇಕು. ಇ-ಮೇಲಿನಲ್ಲಿ ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆದು ಕಳುಹಿಸಬಲ್ಲರು. ಅದಕ್ಕಾಗಿ ‘ಎಸ್‌ಪಿಎಫ್’ ಎಂಬ ಸಾಲಿನಲ್ಲಿ, ನಮ್ಮ ಪರವಾಗಿ ಕಳುಹಿಸಲು ಅಧಿಕಾರವುಳ್ಳ ಯಂತ್ರಗಳನ್ನು ಹೆಸರಿಸುತ್ತಾರೆ. ‘ಡಿಕಿಮ್’ ಸಾಲಿನಲ್ಲಿ, ಪತ್ರಕ್ಕೆ ಒತ್ತಿದ ಮೊಹರನ್ನು ಪರೀಕ್ಷಿಸುವ ಕೀಲಿಯನ್ನಿಡುತ್ತಾರೆ. ಇವೆರಡೂ ಹೊಂದದಿದ್ದರೆ ಪತ್ರವನ್ನೇನು ಮಾಡಬೇಕೆಂದು ‘ಡಿಮಾರ್ಕ್’ ಸಾಲು ಹೇಳುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು, ಅಪಾರ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯಗೊಳಿಸಿವೆ. ಚಿಕ್ಕ ವರ್ತಕನೂ ಅಲಕ್ಷಿಸುವಂತಿಲ್ಲ. ಮೊಹರಿಲ್ಲದ ಅವನ ಬಿಲ್ಲು ಗ್ರಾಹಕನ ಕಸದ ಬುಟ್ಟಿಗೆ ಬೀಳಬಹುದು.

ಇನ್ನು, ಹೆಸರು ಶಾಶ್ವತವಾಗಿ ಕೊಂಡ ಜಮೀನಲ್ಲ. ವರ್ಷಗಳ ಲೆಕ್ಕದ ಗುತ್ತಿಗೆ. ಗಡುವು ಮೀರುವುದು ಬಡವರಿಗೆ ಮಾತ್ರವೆಂದು ತಿಳಿಯಬೇಡಿ. 1999ರ ಕ್ರಿಸ್‌ಮಸ್ ಸಮಯದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ‘ಪಾಸ್‌ಪೋರ್ಟ್ ಡಾಟ್ ಕಾಂ’ ಎಂಬ ಹೆಸರಿಗೆ ಹಣ ಕಟ್ಟುವುದನ್ನು ಮರೆತು, ಹಾಟ್‌ಮೇಲ್ ಬಳಕೆದಾರರು ಪತ್ರಗಳನ್ನು ಕಾಣದಾದರು. ಮೈಕೆಲ್ ಚೇನಿ ಎಂಬ ಹೊರಗಿನ ತಂತ್ರಜ್ಞರೊಬ್ಬರು ತಮ್ಮ ಕೈಯಿಂದ 35 ಡಾಲರ್ ತೆತ್ತು ಅದನ್ನು ಉಳಿಸಿಕೊಟ್ಟರು. ನಮ್ಮ ಮಿಲ್ಲಿನ ಯಜಮಾನರಿಗೆ ಅಂಥ ಪುಣ್ಯಾತ್ಮರು ಸಿಕ್ಕುವರೆಂಬ ಭರವಸೆಯಿಲ್ಲ. ಅನೇಕ ಕಡೆ ಹೆಸರಿನ ನೋಂದಣಿಯೇ ಜಾಲತಾಣ ಮಾಡಿಕೊಟ್ಟವನ ಖಾತೆಯಲ್ಲಿರುತ್ತದೆ; ಗಡುವಿನ ನೋಟೀಸೂ ಅವನಿಗೇ ಹೋಗುತ್ತದೆ. ನೋಂದಣಿ ಯಜಮಾನರ ಹೆಸರಿನಲ್ಲಿರಬೇಕು; ನೋಟೀಸು ಬರುವ ಇ-ಮೇಲ್ ವಿಳಾಸ ಅದೇ ಡೊಮೇನಿನದ್ದಾಗಿರಬಾರದು. ಹೆಸರು ಸತ್ತ ದಿನ ಆ ಪೆಟ್ಟಿಗೆಯೂ ಮುಚ್ಚಿರುತ್ತದಷ್ಟೆ.

ಅಂಗಡಿಯಿಲ್ಲದ ಸಂಸಾರಸ್ಥರಿಗೂ ಈ ದಫ್ತರದಿಂದ ಒಂದು ಉಪಯೋಗವುಂಟು. ರಿಸರ್ವ್ ಬ್ಯಾಂಕು ನಮ್ಮ ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ಹೆಸರುಗಳಿಗೆ ಬದಲಾಗತಕ್ಕದ್ದೆಂದು ಆಜ್ಞಾಪಿಸಿತು. ಆ ಹೆಸರನ್ನು ನೋಂದಾಯಿಸಿಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರವುಂಟು. ಬ್ಯಾಂಕಲ್ಲದವನಿಗೆ ಅದು ಸಿಕ್ಕದು. ಆದುದರಿಂದ ಬ್ಯಾಂಕಿನ ಜಾಲತಾಣವೆಂದು ಯಾರಾದರೂ ಕೊಂಡಿ ಕಳುಹಿಸಿದರೆ, ಹೆಸರಿನ ಮೊದಲ ಭಾಗವನ್ನು ಬಿಟ್ಟು, ಓರೆಗೆರೆಗಿಂತ ಮುಂಚಿನ ಕಡೆಯ ಎರಡು ತುಂಡುಗಳನ್ನು ಬಲದಿಂದ ಓದಿ ನೋಡಿ. ಮೊದಲು ‘ಇನ್’, ಅದರ ಎಡಕ್ಕೆ ‘ಬ್ಯಾಂಕ್’. ನಡುವೆ ಚುಕ್ಕೆಯಿರಬೇಕು, ಅಡ್ಡಗೆರೆಯಲ್ಲ.