ನಾಡಿ ಸಿಗದ ಕೈ



ಪಾರ್ಶ್ವವಾಯು ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಅಜ್ಜ-ಅಜ್ಜಿಯರ ವಯಸ್ಸಿನವರೇ ಅಲ್ಲವೆ? ಮನೆಯ ಹಿರಿಯರು ಅದನ್ನು 'ಲಕ್ವ' ಎನ್ನುತ್ತಾರೆ. ಚೆನ್ನೈನಲ್ಲಿ ಬೆಳೆದ ನೀವು 'ಪಕ್ಕವಾದಂ' ಎಂದೂ ಕೇಳಿರುತ್ತೀರಿ. ಆದರೆ ಇಪ್ಪತ್ತು-ಮೂವತ್ತರ ಹರೆಯದವರಿಗೂ ಅದು ಬರುವುದುಂಟು. ಅದಕ್ಕಿರುವ ಅಪರೂಪದ ಕಾರಣಗಳಲ್ಲಿ ಒಂದು ತಕಯಾಸು ಕಾಯಿಲೆ.

1908ರಲ್ಲಿ ಜಪಾನಿನ ನೇತ್ರವೈದ್ಯ ಮಿಕಿಟೊ ತಕಯಾಸು 21 ವರ್ಷದ ಯುವತಿಯೊಬ್ಬಳ ಕಣ್ಣಿನ ರಕ್ತನಾಳಗಳಲ್ಲಿ ಕಂಡ ವಿಚಿತ್ರ ಬದಲಾವಣೆಯನ್ನು ವಿವರಿಸಿದರು. ಇಂಥ ರೋಗಿಗಳ ಮಣಿಕಟ್ಟಿನಲ್ಲಿ ನಾಡಿ ಸಿಗದಿರುವುದನ್ನು ಬೇರೆ ವೈದ್ಯರು ಗಮನಿಸಿದರು. ಹೀಗೆ ಇದಕ್ಕೆ 'ನಾಡಿಯಿಲ್ಲದ ಕಾಯಿಲೆ' ಎಂಬ ಹೆಸರೂ ಬಂತು.

ಇದರಲ್ಲಿ ಆಗುವುದೇನು? ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳ ಮೇಲೆ ತಿರುಗಿ ಬೀಳುತ್ತದೆ. ನಾಳದ ಗೋಡೆ ಉರಿಯೂತದಿಂದ ದಪ್ಪವಾಗಿ ರಕ್ತದ ದಾರಿ ಕಿರಿದಾಗುತ್ತದೆ. ಕೈಯ ನಾಳ ಕಿರಿದಾದರೆ ನಾಡಿ ಕ್ಷೀಣಿಸುತ್ತದೆ. ಮೂತ್ರಪಿಂಡದ ನಾಳ ಕಿರಿದಾದರೆ ರಕ್ತದೊತ್ತಡ ಏರುತ್ತದೆ. ಕತ್ತಿನ ನಾಳ ಮುಚ್ಚಿ ಮಿದುಳಿಗೆ ರಕ್ತ ತಪ್ಪಿದರೆ ಪಾರ್ಶ್ವವಾಯು. ಈ ಕಾಯಿಲೆ ಹೆಚ್ಚಾಗಿ ಕಾಣುವುದು 40ರ ಒಳಗಿನ ಹೆಣ್ಣುಮಕ್ಕಳಲ್ಲಿ. ಭಾರತದ ರೋಗಿಗಳಲ್ಲಿ ಹೊಟ್ಟೆಯ ಭಾಗದ ಮಹಾಪಧಮನಿ, ಮೂತ್ರಪಿಂಡದ ನಾಳಗಳು ಕೆಡುವುದು ಸಾಮಾನ್ಯ.

ಈ ಕಾಯಿಲೆ ಮೋಸ ಮಾಡುವುದು ಆರಂಭದಲ್ಲೇ. ಸಣ್ಣ ಜ್ವರ, ಸುಸ್ತು, ತೂಕ ಇಳಿಯುವುದು. ಪರೀಕ್ಷೆಯ ಓದೆಂದೋ ಚೆನ್ನೈನ ಬಿಸಿಲೆಂದೋ ಸುಮ್ಮನಾಗುತ್ತೇವೆ. ತಲೆ ಬಾಚುವಾಗ, ಬಟ್ಟೆ ಒಣಹಾಕುವಾಗ ಕೈ ಸೋಲುವುದು, ಆಗಾಗ ತಲೆ ಸುತ್ತುವುದು, ಕಣ್ಣು ಮಂಜಾಗುವುದು ಕೂಡ ಲಕ್ಷಣಗಳೇ. ಇನ್ನೊಂದು ಮೋಸವಿದೆ. ನಾಳ ಕಿರಿದಾದ ಕೈಯಲ್ಲಿ ಬಿ.ಪಿ. ನೋಡಿದರೆ ಕಡಿಮೆ ತೋರಿಸುತ್ತದೆ. ನಿಜವಾದ ಒತ್ತಡ ಬಹಳ ಏರಿರಬಹುದು.

ಆದ್ದರಿಂದ ಇಂಥ ತೊಂದರೆಗಳಿದ್ದರೆ "ಎರಡೂ ಕೈಗಳಲ್ಲಿ ಬಿ.ಪಿ. ನೋಡಿ ಡಾಕ್ಟರೇ" ಎಂದು ಕೇಳಲು ಸಂಕೋಚ ಬೇಡ. ಅದಕ್ಕೆ ತಗಲುವುದು ಎರಡೇ ನಿಮಿಷ. ವ್ಯತ್ಯಾಸ ಕಂಡ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. ರಕ್ತನಾಳಗಳ ಸ್ಕ್ಯಾನ್ ಮಾಡಿಯೇ ವೈದ್ಯರು ತೀರ್ಮಾನಿಸುತ್ತಾರೆ.

ಚಿಕಿತ್ಸೆ ಇದೆ. ಸ್ಟೀರಾಯ್ಡ್ ಹಾಗೂ ರೋಗನಿರೋಧಕ ಶಕ್ತಿಯನ್ನು ಹತೋಟಿಯಲ್ಲಿಡುವ ಔಷಧಿಗಳಿಂದ ಉರಿಯೂತ ತಗ್ಗುತ್ತದೆ. ಅಗತ್ಯವಿದ್ದರೆ ನಾಳವನ್ನು ಹಿಗ್ಗಿಸುತ್ತಾರೆ. ನಮ್ಮ ನೆರೆಯ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ವೈದ್ಯರು ಈ ಕಾಯಿಲೆಯ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆಸಿದ್ದಾರೆ. ಗುಣ ಕಂಡಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು, ಅಷ್ಟೆ.

ಕೊನೆಯದಾಗಿ, ಯಾರಿಗೇ ಆಗಲಿ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಯಾರಿಗೆ ಒಪ್ಪುತ್ತದೆಂದು ವೈದ್ಯರು ನಿರ್ಧರಿಸಬೇಕು. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. "ಇಷ್ಟು ಚಿಕ್ಕ ವಯಸ್ಸಿಗೆ ಲಕ್ವವೇ?" ಎಂದು ಮನೆಯವರು ಅನುಮಾನಿಸುತ್ತ ಕುಳಿತರೆ ಆ ಹೊತ್ತು ಕೈತಪ್ಪುತ್ತದೆ. ಆಗ ಫೋನ್ ಕೈಗೆತ್ತಿಕೊಳ್ಳಬೇಕಾದವರು ನೀವೇ.